ಸಸ್ಯ ವಿಜ್ಞಾನದಲ್ಲಿ ಪಿಎಚ್‌ಡಿ: ಯೂನಿವರ್ಸಿಟಿ ಹೆಸರಿಗಿಂತ ಗೈಡ್ ಮುಖ್ಯ

ಪ್ರಶ್ನೆ: ಈ ವರ್ಷ ಎಂ.ಎಸ್ಸಿ ಬಾಟನಿ ಮುಗಿಸಿದೆ. ಪಿಎಚ್‌ಡಿ ಮಾಡಬೇಕು ಅಂತ ತುಂಬಾ ಆಸೆ. ಒಬ್ಬರು ಮಾಲಿಕ್ಯುಲರ್ ಬಯಾಲಜಿ ತಗೋ ಅಂತಾರೆ, ಇನ್ನೊಬ್ಬರು ಟ್ಯಾಕ್ಸಾನಮಿಗೆ (ಗಿಡಗಳನ್ನು ಗುರುತಿಸಿ ಹೆಸರಿಡುವ ವಿಭಾಗ) ಭವಿಷ್ಯ ಇಲ್ಲ ಅಂತಾರೆ. ಪರಿಚಯದ ಪ್ರೊಫೆಸರ್ ಒಬ್ಬರು ಫೆಲೋಶಿಪ್ ಇಲ್ಲದಿದ್ದರೂ ಸೇರಿಕೋ, ಆಮೇಲೆ ನೋಡೋಣ ಅನ್ನುತ್ತಿದ್ದಾರೆ. ನಮ್ಮದು ಮೂರು ಎಕರೆ ಜಮೀನು, ಅಷ್ಟೇ. ಏನು ಮಾಡಲಿ?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ದುಡ್ಡಿನ ವಿಷಯ ಮೊದಲು. ಫೆಲೋಶಿಪ್ ಇಲ್ಲದೆ ಸೇರಬೇಡಿ. ಆ ಪ್ರೊಫೆಸರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಹಾಗೆ ಸೇರಿದ ಎಷ್ಟೋ ಮಕ್ಕಳು ಎರಡನೇ ವರ್ಷಕ್ಕೆ ಗೆಸ್ಟ್ ಲೆಕ್ಚರರ್ ಕೆಲಸ ಹಿಡಿದು, ಬೆಳಿಗ್ಗೆ ಪಾಠ, ಸಂಜೆ ಲ್ಯಾಬ್ ಅಂತ ಓಡಾಡಿ, ಪ್ರೈಮರ್‌ಗೂ ಕೆಮಿಕಲ್‌ಗೂ ಬಸ್ ಚಾರ್ಜಿಗೂ ಮನೆಯಿಂದ ದುಡ್ಡು ತಂದು, ಕೊನೆಗೆ ಥೀಸಿಸ್ ಅರ್ಧಕ್ಕೇ ಬಿಟ್ಟಿದ್ದನ್ನು ನೋಡಿದ್ದೇನೆ. ಅವರ್ಯಾರೂ ದಡ್ಡರಲ್ಲ. ಹೊಟ್ಟೆಪಾಡಿನ ಮುಂದೆ ಸೋತರು.

ಈಗ ಜೆಆರ್‌ಎಫ್ (ಸಂಶೋಧನೆಯ ಮೊದಲ ಹಂತದ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಅದು ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) ಆದಾಗ 42,000. 2023ರ ಜನವರಿಯಿಂದ ಈ ದರ ಜಾರಿಯಲ್ಲಿದೆ. ಮನೆ ಬಾಡಿಗೆ ಭತ್ಯೆ ಬೇರೆ. ಮನೆಗೂ ಒಂದಿಷ್ಟು ಕಳಿಸಬಹುದು. ಅದಕ್ಕಾಗಿ ಒಂದು ವರ್ಷ ಕೂತು ಓದಿದರೆ ನಷ್ಟವೇನಿಲ್ಲ.

ಈ ಫೆಲೋಶಿಪ್ ಕೊಡಿಸುವ ರಾಷ್ಟ್ರೀಯ ಪರೀಕ್ಷೆ ಸಿಎಸ್‌ಐಆರ್ ನೆಟ್. ಅದು ಅಂದರೆ ನಮ್ಮ ಬಾಟನಿ ಮಕ್ಕಳಿಗೆ ಭಯ. ಲೈಫ್ ಸೈನ್ಸಸ್ ಪೇಪರ್ ಅಲ್ವಾ, ಪ್ರಾಣಿಗಳ ಹೃದಯ, ನರ, ಹಾರ್ಮೋನು ಎಲ್ಲ ಇರುತ್ತದೆ, ನಮಗೆ ಆಗಲ್ಲ ಅಂತ ಮೊದಲೇ ಕೈಚೆಲ್ಲುತ್ತಾರೆ. ಪೇಪರನ್ನು ಸರಿಯಾಗಿ ನೋಡಿ. ಮೂರು ಭಾಗ, ಒಟ್ಟು 200 ಅಂಕ. ಮೂರನೇ ಭಾಗದಲ್ಲಿ 75 ಪ್ರಶ್ನೆ ಕೊಡುತ್ತಾರೆ, ನೀವು ಬರೆಯಬೇಕಾದ್ದು 25 ಮಾತ್ರ. ಒಂದೊಂದಕ್ಕೆ 4 ಅಂಕ, ಅಂದರೆ ಅರ್ಧ ಪೇಪರ್ ಅಲ್ಲೇ ಇದೆ. ಸಿಲಬಸ್‌ನಲ್ಲಿ 13 ಯೂನಿಟ್. ಪ್ರಾಣಿಗಳ ಶರೀರಕ್ರಿಯೆ ಅದರಲ್ಲಿ ಒಂದು. ಅದನ್ನು ಪೂರ್ತಿ ಬಿಟ್ಟರೂ ಸಸ್ಯ ಶರೀರಕ್ರಿಯೆ, ತಳಿ ವಿಜ್ಞಾನ, ಪರಿಸರ ವಿಜ್ಞಾನ, ಜೀವಿ ವೈವಿಧ್ಯ, ವಿಕಾಸ, ಲ್ಯಾಬ್ ವಿಧಾನಗಳು ಇವಿಷ್ಟರಲ್ಲಿ ಗಟ್ಟಿಯಾದರೆ ಸಾಕು. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ, ಹಾಗಾಗಿ ಊಹೆ ಮಾಡಿ ಗುರುತು ಹಾಕಬೇಡಿ. ಇನ್ನೊಂದು ವಿಷಯ, ಮೂರನೇ ಭಾಗಕ್ಕೆ ಗೈಡ್ ಪುಸ್ತಕ ಬಾಯಿಪಾಠ ಮಾಡಿದರೆ ಏನೂ ಪ್ರಯೋಜನವಿಲ್ಲ. ಒಂದು ಗ್ರಾಫ್ ಕೊಟ್ಟು, ಈ ಮ್ಯುಟೆಂಟ್ ಗಿಡ ಕತ್ತಲಲ್ಲೂ ಬೆಳಕಲ್ಲಿ ಬೆಳೆದ ಹಾಗೇ ಬೆಳೆದಿದೆ, ಯಾಕೆ ಅಂತ ಕೇಳುತ್ತಾರೆ. ಪ್ರಯೋಗ ಓದುವ ಅಭ್ಯಾಸ ಬೇಕು.

2024ರಿಂದ ನೆಟ್‌ನಲ್ಲಿ 'ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ' ಅನ್ನುವ ಅರ್ಹತೆಯೂ ಬಂದಿದೆ. ಅದರಲ್ಲಿ ಸೀಟಿಗೆ ದಾರಿಯಾಗುತ್ತದೆ, ಫೆಲೋಶಿಪ್ ಬರುವುದಿಲ್ಲ. ಗೊಂದಲ ಮಾಡಿಕೊಳ್ಳಬೇಡಿ. ನೆಟ್ ಒಂದೇ ದಾರಿಯೂ ಅಲ್ಲ. ಯೂನಿವರ್ಸಿಟಿಗೆ ಮೊದಲ ರ‍್ಯಾಂಕ್ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್ ಇದೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಪರೀಕ್ಷೆ ಇದೆ, ರಾಜ್ಯದ ವಿಜ್ಞಾನ ಪ್ರೋತ್ಸಾಹ ಸಂಸ್ಥೆ ಕೆಸ್ಟೆಪ್ಸ್‌ನ ಫೆಲೋಶಿಪ್ ಇದೆ, ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳಿಗೆ ಕೇಂದ್ರದ ಬೇರೆ ಬೇರೆ ಫೆಲೋಶಿಪ್‌ಗಳಿವೆ. ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ಒಂದು ವರ್ಷ ಕೆಲಸ ಮಾಡುತ್ತಾ ಓದುವುದೂ ಒಳ್ಳೆಯದೇ. ಕೈಗೆ ಲ್ಯಾಬ್ ಕೆಲಸ ಹತ್ತುತ್ತದೆ, ಇದು ನಿಜವಾಗಿ ನಿಮಗೆ ಬೇಕಾ ಬೇಡವಾ ಅನ್ನುವುದೂ ಗೊತ್ತಾಗುತ್ತದೆ.

ಇನ್ನು ವಿಷಯದ ಆಯ್ಕೆ. ಮಾಲಿಕ್ಯುಲರ್ ಮೇಲು, ಟ್ಯಾಕ್ಸಾನಮಿ ಕೀಳು ಅನ್ನುವ ಮಾತನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ನಿಮ್ಮ ಪಕ್ಕದ ಜಿಲ್ಲೆಯಲ್ಲೇ, ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ, ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳ ಜವುಗು ಕಾಡು) ಕೆಸರಿನಲ್ಲಿ ಬೆಳೆಯುವ ಒಂದು ದೊಡ್ಡ ಮರಕ್ಕೆ 2000ನೇ ಇಸವಿಯವರೆಗೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ಕರಿಗೇರಿನ ಹತ್ತಿರದ ನೆಂಟ ಅದು. ಈಗ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಕರೆಯುತ್ತಾರೆ, ಅಳಿವಿನ ಅಂಚಿನಲ್ಲಿದೆ. ಹುಲ್ಲಲ್ಲ, ಪಾಚಿಯಲ್ಲ, ಮರ! ಹೆಸರಿಡುವವರೇ ಇಲ್ಲದಿದ್ದರೆ ಉಳಿಸುವುದು ಏನನ್ನು? ಟ್ಯಾಕ್ಸಾನಮಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಬೇಡಿಕೆ ಹೋಗಿಲ್ಲ. ಆದರೆ ಅದು ಸುಲಭದ ದಾರಿ ಅಂತ ತಿಳಿದು ಹೋಗಬೇಡಿ. ಮಲೆನಾಡಿನ ಜುಲೈ ಮಳೆಯಲ್ಲಿ ಗಿಡ ಒತ್ತಿಟ್ಟರೆ ಪೇಪರನ್ನು ದಿನಾ ಬದಲಾಯಿಸಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಕರ್ಣಕುಂಡಲದ ಜಾತಿಯ ಹೂಗಳಂತೂ ಒಣಗಿದರೆ ಮುದ್ದೆಯಾಗಿ ಎಸಳು ಯಾವುದು, ಬಾಲ ಯಾವುದು ಗೊತ್ತಾಗದು. ಕಾಡಲ್ಲೇ ಕೂತು ಹೂ ಬಿಡಿಸಿ, ಅಳೆದು, ಫೋಟೋ ತೆಗೆದು, ಕೆಲವನ್ನು ಸ್ಪಿರಿಟ್‌ನಲ್ಲಿ ಹಾಕಿ ತರಬೇಕು. ಜಿಗಣೆ ಜೊತೆಗೇ ಇರುತ್ತವೆ. ಅರಣ್ಯ ಇಲಾಖೆಯ ಅನುಮತಿಗೂ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಅರ್ಜಿಯನ್ನು ಕೋರ್ಸ್‌ವರ್ಕ್ ನಡೆಯುವಾಗಲೇ ಹಾಕಿಬಿಡಿ.

ನೀವು ಕೇಳದ ಒಂದು ವಿಷಯ ಇದೆ, ನನ್ನ ಪ್ರಕಾರ ಅದು ಎಲ್ಲಕ್ಕಿಂತ ದೊಡ್ಡದು. ನೀವು ಆರಿಸುವ ಗಿಡವೇ ನಿಮ್ಮ ಪಿಎಚ್‌ಡಿಯ ಕ್ಯಾಲೆಂಡರ್. ಅರಾಬಿಡಾಪ್ಸಿಸ್ ಅನ್ನುವ ಸಾಸಿವೆ ಬಳಗದ ಪುಟ್ಟ ಗಿಡ ಬೀಜದಿಂದ ಬೀಜಕ್ಕೆ ಸುಮಾರು ಆರು ವಾರದಲ್ಲಿ ಬರುತ್ತದೆ. ಒಂದು ಪ್ರಯೋಗ ಕೆಟ್ಟರೆ ಎರಡು ತಿಂಗಳೊಳಗೆ ಮತ್ತೆ ಮಾಡಬಹುದು. ರಾಗಿ ಮೂರೂವರೆ, ನಾಲ್ಕು ತಿಂಗಳು. ಮಳೆಗಾಲದ ಹೊಲದ ಪ್ರಯೋಗ ಅಂದರೆ ವರ್ಷಕ್ಕೆ ಒಂದೇ ಅವಕಾಶ, ಪರೀಕ್ಷಕರು ಕೇಳುವುದು ಕನಿಷ್ಠ ಎರಡು ವರ್ಷದ ಡೇಟಾ. ಬರ ತಡೆಯುವ ತಳಿ ನೋಡೋಣ ಅಂತ ರಾಗಿ ಬಿತ್ತಿ, ನೀರು ನಿಲ್ಲಿಸಿದ ವಾರವೇ ಜಡಿ ಮಳೆ ಹಿಡಿದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಬರದ ಮೇಲೆ ಕೆಲಸ ಮಾಡುವವರಿಗೆ ಮಳೆ ತಡೆಯುವ ಸರಿಯುವ ಚಾವಣಿ ಬೇಕು. ಆ ಸೌಲಭ್ಯ ಇದೆಯಾ ಅಂತ ಸೇರುವ ಮೊದಲೇ ಕೇಳಿ. ಮಾವು, ಅಡಿಕೆ, ಕಾಫಿಯಲ್ಲಿ ಹೊಸ ತಳಿ ಮಾಡುತ್ತೇನೆ ಅಂತ ಹೊರಟರೆ ನಿಮ್ಮ ಪಿಎಚ್‌ಡಿ ಮುಗಿದರೂ ತಳಿ ಸಿದ್ಧವಾಗಿರುವುದಿಲ್ಲ. ಅಲ್ಲಿ ಈಗಾಗಲೇ ಬೆಳೆದು ನಿಂತ ತೋಟದ ಮೇಲೆ ಕೇಳಬಹುದಾದ ಪ್ರಶ್ನೆ ಹುಡುಕಬೇಕು.

ಲ್ಯಾಬ್ ಒಳಗೂ ಅದೇ ಕಥೆ. ಅರಾಬಿಡಾಪ್ಸಿಸ್ ಎಲೆಯಿಂದ ಆರ್‌ಎನ್‌ಎ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ಅದೇ ಕಿಟ್ ತಗೊಂಡು ಬಲಿತ ಮಾವಿನ ಎಲೆಯ ಮೇಲೆ ಮಾಡಿ ನೋಡಿ. ಎಲೆಯ ತುಂಬ ಫಿನಾಲ್‌ಗಳು, ಅರೆದ ಕೂಡಲೇ ಗಾಳಿ ತಾಗಿ ದ್ರವ ಕಂದಾಗುತ್ತದೆ, ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಟ್ಯೂಬಿನ ತಳದಲ್ಲಿ ಬಿಳಿ ಚುಕ್ಕೆ ಬರಬೇಕಾದ ಕಡೆ ಕಂದು ಬಣ್ಣದ ಅಂಟು. ಆರ್‌ಎನ್‌ಎ ಬಿಡಿಸುವ ಸಿಟಿಎಬಿ ದ್ರಾವಣಕ್ಕೆ ಫಿನಾಲ್ ಹಿಡಿಯುವ ಪಿವಿಪಿ ಸೇರಿಸಿ, ಕಂದಾಗುವುದನ್ನು ತಡೆಯುವ ಮರ್ಕ್ಯಾಪ್ಟೋಎಥನಾಲ್ ಪ್ರಮಾಣ ಹೊಂದಿಸಿ, ಎಳೆ ಎಲೆ ತಗೊಂಡು, ದ್ರವ ಸಾರಜನಕದಲ್ಲಿ ಚೂರೂ ಕರಗಲು ಬಿಡದೆ ಅರೆದು, ಹೀಗೆ ಒಂದೊಂದೇ ಸರಿಮಾಡುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಇದನ್ನು ಹೇಳುತ್ತಿರುವುದು ಹೆದರಿಸಲಿಕ್ಕಲ್ಲ. ಮಾವಿನ ಮೇಲೆ ಕೆಲಸ ಮಾಡುವ ಲ್ಯಾಬ್‌ಗೆ ಹೋದರೆ ಅಲ್ಲಿ ಯಾರೋ ಸೀನಿಯರ್ ಈ ಕಷ್ಟ ಪಟ್ಟು ವಿಧಾನ ಕಂಡುಕೊಂಡಿರುತ್ತಾರೆ. ಆ ಅನುಭವ ಇಲ್ಲದ ಲ್ಯಾಬ್‌ನಲ್ಲಿ ಎಲ್ಲವನ್ನೂ ನೀವೇ ಮೊದಲಿಂದ ಶುರು ಮಾಡಬೇಕು.

ಅದಕ್ಕೇ ಗೈಡ್ ಮುಖ್ಯ ಅನ್ನುವುದು. ನಮ್ಮಲ್ಲಿ ಯೂನಿವರ್ಸಿಟಿ ಹೆಸರು ನೋಡಿ ಅರ್ಜಿ ಹಾಕುತ್ತಾರೆ, ಗೈಡ್ ಯಾರು ಸಿಗುತ್ತಾರೋ ಅವರೇ ಅಂತ ಒಪ್ಪಿಕೊಳ್ಳುತ್ತಾರೆ. ಉಲ್ಟಾ ಮಾಡಿ. ಶೋಧಗಂಗಾ (ದೇಶದ ಥೀಸಿಸ್‌ಗಳನ್ನು ಇಟ್ಟಿರುವ ವೆಬ್‌ಸೈಟ್) ತೆರೆದು ಆ ಗೈಡ್ ಹೆಸರು ಹಾಕಿದರೆ ಅವರ ವಿದ್ಯಾರ್ಥಿಗಳ ಥೀಸಿಸ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಎಷ್ಟು ಜನ ಮುಗಿಸಿದ್ದಾರೆ ನೋಡಿ. ಒಂದೆರಡು ಥೀಸಿಸ್ ಕೂತು ಓದಿ. ಹೊಸ ಪ್ರಶ್ನೆ ಇದೆಯಾ, ಅಥವಾ ಅದೇ ಕೆಲಸವನ್ನು ಗಿಡ ಬದಲಿಸಿ ಮಾಡಿಸಿದ್ದಾರಾ? ಯಾವುದೋ ಔಷಧಿ ಗಿಡದ ಎಲೆಯ ಸಾರ ತೆಗೆದು, ನಾಲ್ಕು ಬ್ಯಾಕ್ಟೀರಿಯಾದ ಮೇಲೆ ಹಾಕಿ, ಅವು ಬೆಳೆಯದ ಖಾಲಿ ವೃತ್ತ ಅಳೆದು ಮುಗಿಸಿದ ಥೀಸಿಸ್‌ಗಳು ನಮ್ಮಲ್ಲಿ ಜಾಸ್ತಿ ಆಗಿವೆ. ಅದರಿಂದ ಡಿಗ್ರಿ ಸಿಗಬಹುದು, ವಿಜ್ಞಾನ ಕಲಿಯುವುದಿಲ್ಲ. ನನಗೆ ಬೇಸರ ತರುವ ವಿಷಯ ಇದು, ಯಾಕೆಂದರೆ ಆ ಮಕ್ಕಳ ಶ್ರಮ ನಿಜವಾದದ್ದು.

ಆ ಗೈಡ್‌ನ ಸೀನಿಯರ್ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಾದರೂ ಮಾತಾಡಿ. ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದು ಹಾಕುತ್ತಾರೆ, ಫೀಲ್ಡ್ ಖರ್ಚು ಯಾರದ್ದು, ಸರ್ ಅಥವಾ ಮೇಡಂ ವಾರಕ್ಕೆ ಒಮ್ಮೆಯಾದರೂ ಕೂತು ಮಾತಾಡುತ್ತಾರಾ ಅಂತ ನೇರವಾಗಿ ಕೇಳಿ. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಅನ್ನುವುದನ್ನೂ ತಿಳಿದುಕೊಳ್ಳಿ. ಯುಜಿಸಿಯ 2022ರ ನಿಯಮದಂತೆ ಸರ್ವಿಸ್ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿ ತಗೊಳ್ಳುವಂತಿಲ್ಲ. ಪ್ರೊಫೆಸರ್‌ಗೆ ಒಂದು ಸಮಯಕ್ಕೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ವಿದ್ಯಾರ್ಥಿಗಳ ಮಿತಿಯೂ ಇದೆ. ಸೀಟು ಖಾಲಿ ಇದೆಯಾ ಅಂತ ಮೊದಲೇ ಕೇಳುವುದರಲ್ಲಿ ತಪ್ಪೇನಿಲ್ಲ.

ಗೈಡ್‌ಗೆ ಇಮೇಲ್ ಬರೆಯುವಾಗ "ನನಗೆ ಸಸ್ಯ ವಿಜ್ಞಾನದಲ್ಲಿ ಆಸಕ್ತಿ ಇದೆ, ಒಂದು ಅವಕಾಶ ಕೊಡಿ" ಅಂತ ನಲವತ್ತು ಜನಕ್ಕೆ ಒಂದೇ ಪತ್ರ ಕಳಿಸಬೇಡಿ. ಅವರ ಒಂದು ಪೇಪರ್ ಓದಿ, ಅದರ ಎರಡನೇ ಚಿತ್ರದಲ್ಲಿ ನಿಮಗೆ ಹುಟ್ಟಿದ ಒಂದು ಪ್ರಶ್ನೆ ಬರೆಯಿರಿ. ಹತ್ತು ಸಾಲು ಸಾಕು. ಅಂಥ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಎಷ್ಟೋ ಹೆಚ್ಚು. ಇಂಗ್ಲಿಷ್ ಸರಳವಾಗಿದ್ದರೂ ಪರವಾಗಿಲ್ಲ.

ಎಲ್ಲಿ ಅಂತ ಕೇಳಿದರೆ, ಧಾರವಾಡ, ಮೈಸೂರು, ಕುವೆಂಪು, ಮಂಗಳೂರು ಯೂನಿವರ್ಸಿಟಿಗಳ ಆಚೆಗೂ ಕಣ್ಣು ಹಾಯಿಸಿ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಗಿಡಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳಿವೆ. ಕಾಡು, ಪರಿಸರ ಇಷ್ಟವಿದ್ದರೆ ಬೆಂಗಳೂರಿನಲ್ಲೇ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಇದೆ. ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ಶ್ರೀಗಂಧದ ಮೇಲೆ ಕೆಲಸ ನಡೆಯುತ್ತದೆ. ದಿಲ್ಲಿಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆ ಎನ್‌ಐಪಿಜಿಆರ್, ಹೈದರಾಬಾದ್ ಯೂನಿವರ್ಸಿಟಿಯ ಪ್ಲಾಂಟ್ ಸೈನ್ಸಸ್ ವಿಭಾಗ, ಲಖನೌದ ಸಸ್ಯ ಸಂಶೋಧನಾ ಸಂಸ್ಥೆ ಎನ್‌ಬಿಆರ್‌ಐ ಕೂಡ ನೋಡಿ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ವಿಭಾಗಗಳು ಕೃಷಿ ಪದವಿಯನ್ನೇ ಕೇಳುತ್ತವೆ, ಬಾಟನಿಯವರು ಪ್ರಕಟಣೆಯನ್ನು ಪೂರ್ತಿ ಓದಿಯೇ ಅರ್ಜಿ ಹಾಕಬೇಕು.

ಪ್ರಶ್ನೆ: ನನಗೆ 26 ವರ್ಷ. ಪಿಎಚ್‌ಡಿಗೆ ಸೇರಿದರೆ ಮದುವೆ ತಡವಾಗುತ್ತೆ, ಮದುವೆಯಾದರೆ ಪಿಎಚ್‌ಡಿ ನಿಲ್ಲುತ್ತೆ ಅಂತ ಮನೆಯಲ್ಲಿ ದಿನಾ ಮಾತು. ಕೊನೆಗೆ ನನಗೆ ಬೇಕಿರುವುದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ.
(ಓದುಗರು, ತುಮಕೂರು)

ಉತ್ತರ: ನಿಮ್ಮ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಯೋಚಿಸಿ. ಪಾಠ ಮಾಡುವುದೇ ಆಸೆಯಾದರೆ ಪಿಎಚ್‌ಡಿ ಕಡ್ಡಾಯ ಅಲ್ಲ. 2023ರ ಜುಲೈನಲ್ಲಿ ಯುಜಿಸಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ ಅಂತ ಸ್ಪಷ್ಟ ಮಾಡಿದೆ. ಕೆ-ಸೆಟ್ (ನಮ್ಮ ರಾಜ್ಯದ ಸೆಟ್ ಪರೀಕ್ಷೆ) ಪಾಸು ಮಾಡಿ ಕೆಲಸ ಹಿಡಿಯಿರಿ. ಬೇಕೆನಿಸಿದರೆ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ತಗೊಂಡು ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುವುದಕ್ಕೂ 2022ರ ನಿಯಮದಲ್ಲಿ ಅವಕಾಶವಿದೆ. ಆಗ ನಿಮ್ಮ ತಾಲೂಕಿನಲ್ಲೇ ನೋಡಬಹುದಾದ ವಿಷಯ ಆರಿಸಿಕೊಳ್ಳಿ. ತುಮಕೂರಿನ ಸುತ್ತ ಹುಣಸೆ ಇದೆ, ಹಲಸಿದೆ, ದೇವರಾಯನದುರ್ಗದ ಕಾಡಿದೆ.

ಸಂಶೋಧನೆಯೇ ಬೇಕು ಅನ್ನುವುದಾದರೆ ನಿಲ್ಲಬೇಡಿ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಅದರ ಮೇಲೆ 2 ವರ್ಷ ರಿಯಾಯಿತಿ ಇದೆ, ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಒಟ್ಟು 240 ದಿನ ರಜೆ ಇದೆ. ಮದುವೆಯಾದರೆ ನಿಲ್ಲುತ್ತೆ ಅನ್ನುವುದು ನಿಯಮದ ಮಾತಲ್ಲ, ಮನೆಯವರ ಮಾತು. ಈ ಅಂಕಿಗಳನ್ನು ಅವರ ಮುಂದಿಡಿ. ಹುಡುಗನ ಕಡೆಯವರು ಬಂದಾಗಲೂ ಮುಚ್ಚಿಡದೆ ಹೇಳಿ. ಕೇರಳದ ತಲಶ್ಶೇರಿಯ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಶಿಗನ್‌ನಿಂದ ಸಸ್ಯ ವಿಜ್ಞಾನದಲ್ಲಿ ಡಾಕ್ಟರೇಟ್ ತಂದು, ಕೊಯಮತ್ತೂರಿನಲ್ಲಿ ಕಬ್ಬಿನ ಕ್ರೋಮೋಸೋಮುಗಳ ಮೇಲೆ ಕೆಲಸ ಮಾಡಿದರು. ಆಗ ಈ ರಜೆಯೂ ಇರಲಿಲ್ಲ, ಈ ಫೆಲೋಶಿಪ್ಪೂ ಇರಲಿಲ್ಲ.

ಪ್ರಶ್ನೆ: ವಿದೇಶದಲ್ಲಿ ಪಿಎಚ್‌ಡಿ ಮಾಡಲು ಲಕ್ಷಗಟ್ಟಲೆ ಸಾಲ ಬೇಕಾ?
(ಓದುಗರು, ಶಿವಮೊಗ್ಗ)

ಉತ್ತರ: ಬೇಡ. ಸಾಲ ಮಾಡಿ ಪಿಎಚ್‌ಡಿಗೆ ಹೋಗಲೇಬೇಡಿ. ಅಮೆರಿಕದಲ್ಲಿ ಸಸ್ಯ ವಿಜ್ಞಾನದ ಪಿಎಚ್‌ಡಿ ಸೀಟು ಅಂದರೆ ಸಾಮಾನ್ಯವಾಗಿ ಫೀಸು ಮಾಫಿ, ಜೊತೆಗೆ ಸ್ಟೈಪೆಂಡ್. ಅದಕ್ಕೆ ಬದಲಾಗಿ ಪಾಠ ಮಾಡಲು ನೆರವಾಗಬೇಕು ಅಥವಾ ಪ್ರಾಜೆಕ್ಟ್‌ನಲ್ಲಿ ದುಡಿಯಬೇಕು. ಹೆಚ್ಚಿನ ಕಡೆ ಅರ್ಜಿಗೆ ಕೊನೆ ದಿನ ಡಿಸೆಂಬರ್ ಆಸುಪಾಸು. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಬಹಳಷ್ಟು ಪಿಎಚ್‌ಡಿ ಜಾಗಗಳನ್ನು ಕೆಲಸದ ಜಾಹೀರಾತಿನ ಹಾಗೆ ಹಾಕುತ್ತಾರೆ, ಸಂಬಳ ಕೊಡುತ್ತಾರೆ, ಎಂ.ಎಸ್ಸಿ ಆಗಿರಬೇಕು. ಕಲೋನ್ ಮತ್ತು ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು, ವಾಗನಿಂಗನ್ ಯೂನಿವರ್ಸಿಟಿ, ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಜಾನ್ ಇನ್ನೆಸ್ ಸೆಂಟರ್, ಇವುಗಳ ಪುಟಗಳನ್ನು ತಿಂಗಳಿಗೊಮ್ಮೆ ನೋಡುತ್ತಿರಿ. ಏಜೆಂಟರಿಗೆ ದುಡ್ಡು ಕೊಡಬೇಡಿ, ಪಿಎಚ್‌ಡಿಯಲ್ಲಿ ಅವರಿಂದ ಆಗುವ ಕೆಲಸ ಏನೂ ಇಲ್ಲ. ನೀವು ಲ್ಯಾಬ್‌ನಲ್ಲಿ ಕೆಲಸ ಮಾಡುವುದನ್ನು ನೋಡಿದ ಇಬ್ಬರು ಮೂವರ ಶಿಫಾರಸು ಪತ್ರ ಬೇಕಾಗುತ್ತದೆ. ಆದ್ದರಿಂದ ಎಂ.ಎಸ್ಸಿ ಪ್ರಾಜೆಕ್ಟನ್ನು ಯಾರದೋ ಕಾಪಿ ಮಾಡಿ ಮುಗಿಸದೆ, ನೀವೇ ಮಾಡಿ, ಡೇಟಾ ಬರೆದ ನೋಟ್‌ಬುಕ್ ಜೋಪಾನವಾಗಿಡಿ. ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದು ಅದರ ಬಗ್ಗೆಯೇ.