ಮಲೆನಾಡಿನ ರಸ್ತೆಗೆ ಹಳೆಯ ಅಂಬಾಸಿಡರ್ ಮೇಲೋ, ಈಗಿನ ಎಸ್‌ಯುವಿ ಮೇಲೋ?

ಅಜ್ಜನ ಅಂಬಾಸಿಡರನ್ನು ರಿಪೇರಿ ಮಾಡಿಸಿ ಓಡಿಸಲೇ, ಅದನ್ನು ಮಾರಿ ಹ್ಯುಂಡೈನ ಎಸ್‌ಯುವಿ ಕ್ರೆಟಾ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಕೊಂಡ 1984ರ ಮಾರ್ಕ್ 4 ಅಂಬಾಸಿಡರ್ ಇದೆ, ಅದರ ಪಕ್ಕದಲ್ಲೇ ಮೂರು ವರ್ಷದ ಎಸ್‌ಯುವಿಯೂ ನಿಂತಿದೆ. ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವವರಿಗೆ ಎಸ್‌ಯುವಿಯೇ ಸರಿ. ಅದರಲ್ಲಿ ಎರಡು ಮಾತಿಲ್ಲ.

‘ಆ ಕಾಲದ ತಗಡು, ಗುದ್ದಿದರೂ ಏನೂ ಆಗುವುದಿಲ್ಲ’ ಎಂದು ನಿಮ್ಮ ಮನೆಯ ಹಿರಿಯರೂ ಹೇಳಿರಬಹುದು. ಏನೂ ಆಗದಿರುವುದು ತಗಡಿಗೆ ಮಾತ್ರ. ಈಗಿನ ಕಾರಿನ ಮೂತಿ ನಜ್ಜುಗುಜ್ಜಾಗಿ ಹೊಡೆತವನ್ನು ತಾನೇ ನುಂಗುವಂತೆ ಮಾಡಿರುತ್ತಾರೆ. ಹಳೆಯದರಲ್ಲಿ ಅದು ಒಳಗೆ ಕುಳಿತವರ ಎದೆಗೇ ಬರುತ್ತದೆ. ಮೇಲಾಗಿ ನಮ್ಮದರಲ್ಲಿ ನಾಲ್ಕು ಗಾಲಿಗೂ ಡ್ರಮ್ ಬ್ರೇಕು. ಆಗುಂಬೆಯ 14 ತಿರುವುಗಳನ್ನೂ ಬ್ರೇಕ್ ತುಳಿಯುತ್ತಲೇ ಇಳಿದರೆ ಘಟ್ಟದ ಬುಡದ ಸೋಮೇಶ್ವರ ಮುಟ್ಟುವ ಮೊದಲೇ ಡ್ರಮ್ ಕಾದು, ಎಷ್ಟು ತುಳಿದರೂ ಹಿಡಿಯದಂತಾಗುತ್ತದೆ. ಅಪ್ಪಯ್ಯ ಘಟ್ಟದ ತಲೆಯಲ್ಲೇ ಎರಡನೇ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಸುತ್ತಿದ್ದರು.

ಒಂದು ತಮಾಷೆ ನೋಡಿ. ಅಂಬಾಸಿಡರಿನ ಎಂಜಿನ್ 1489 ಸಿಸಿ, ಪೆಟ್ರೋಲ್ ಕ್ರೆಟಾದ್ದು 1497. ಆದರೆ ಅದಕ್ಕೆ ಸುಮಾರು 50 ಅಶ್ವಶಕ್ತಿ, ಇದಕ್ಕೆ 115ರ ಹತ್ತಿರ. ಉದ್ದವೂ ಹೆಚ್ಚುಕಡಿಮೆ ಒಂದೇ, 4.3 ಮೀಟರ್. ಅಗಲದಲ್ಲಿ ಮಾತ್ರ ಅಂಬಾಸಿಡರ್ ಅರ್ಧ ಗೇಣು ಕಡಿಮೆ. ಒಂದು ಕಡೆ ಮಣ್ಣಿನ ಧರೆ, ಇನ್ನೊಂದು ಕಡೆ ನೀರು ಹರಿಯುವ ಕಾದಿಗೆ ಇರುವ ತೋಟದ ರಸ್ತೆಯಲ್ಲಿ ಎದುರಿಗೆ ಅಡಿಕೆ ತುಂಬಿದ ಪಿಕಪ್ ಬಂದಾಗ ಆ ಅರ್ಧ ಗೇಣಿನ ಬೆಲೆ ತಿಳಿಯುತ್ತದೆ.

ಮಳೆಗಾಲದ ಬೆಳಗ್ಗೆ ನಮ್ಮ ಅಂಬಾಸಿಡರ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗೆ ಕೂತ ತೇವವನ್ನು ಒಣಬಟ್ಟೆಯಿಂದ ಒರೆಸಬೇಕು. ಅದರೊಳಗಿನ ಪಾಯಿಂಟಿಗೆ ಎಮರಿ ಕಾಗದ ಒಮ್ಮೆ ತೀಡಿ, ಚೋಕ್ ಎಳೆದು ಕೀಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಎದ್ದು ಕೂರುತ್ತದೆ. ಹೊಸ ಗಾಡಿಗೆ ಈ ಸೇವೆಯೆಲ್ಲ ಬೇಕಿಲ್ಲ. ಆದರೆ ಕಳೆದ ಆಷಾಢದಲ್ಲಿ ಇಲಿ ಅದರ ವೈರಿನ ಗೊಂಚಲು ಕಡಿದಾಗ ಶಿವಮೊಗ್ಗದವರೆಗೂ ಎಳೆಸಿಕೊಂಡು ಹೋಗಬೇಕಾಯಿತು, ಒಂಬತ್ತು ದಿನ ಅದು ಅಲ್ಲೇ. ಆ ಒಂಬತ್ತು ದಿನ ನಮ್ಮನ್ನು ಪೇಟೆಗೆ ಮುಟ್ಟಿಸಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ.

ಮಾರುವ ಮೊದಲು ಒಂದು ಕೆಲಸ ಮಾಡಿ. ಕಾಲಡಿಯ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ತಳವನ್ನು ಅಲ್ಲಲ್ಲಿ ಕುಟ್ಟಿ ನೋಡಿ. ತುದಿ ಒಳಗೆ ಹೊಕ್ಕರೆ ತುಕ್ಕು ತಿಂದಿದೆ, ಬಂದ ಬೆಲೆಗೆ ಕೊಟ್ಟುಬಿಡಿ. ಟಣ್ಣೆಂದರೆ ಕ್ರೆಟಾ ತೆಗೆದುಕೊಂಡು ಇದನ್ನೂ ಇಟ್ಟುಕೊಳ್ಳಿ. ಆರ್‌ಸಿ ನವೀಕರಣ ಐದು ವರ್ಷಕ್ಕೊಮ್ಮೆ ಬರುವ ಖರ್ಚು, ಅಷ್ಟೇ.