ತೋಡು ಇರುವುದು ರಕ್ತಕ್ಕಲ್ಲ

ನಮಸ್ಕಾರ,

ಹಳೆಯ ಕತ್ತಿಗಳ ಅಲಗಿನ ಮೇಲೆ ಉದ್ದಕ್ಕೆ ಓಡುವ ತೋಡಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ತೋಡಿನೊಳಗೇ ‘ಉಲ್ಫ್‌ಬೆರ್ಟ್’ ಎಂಬ ಹೆಸರನ್ನು ಕಬ್ಬಿಣದ ಅಕ್ಷರಗಳಲ್ಲಿ ಕೂರಿಸಿದ ಯುರೋಪಿನ ಹಳೆಯ ಕತ್ತಿಗಳ ಪ್ಯಾರಾ ಇಷ್ಟವಾಯಿತು. ಆದರೆ ಎರಡನೇ ಪ್ಯಾರಾ ಓದಿ ಸಿಟ್ಟು ಬಂತು. ಇಲ್ಲಿ ಅದೊಂದರ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಮೊದಲ ಸಾಲು: "ಶತ್ರುವಿನ ರಕ್ತ ಹರಿದುಹೋಗಲೆಂದೇ ಈ ತೋಡು, ಇಲ್ಲದಿದ್ದರೆ ಮಾಂಸ ಅಲಗನ್ನು ಕಚ್ಚಿಕೊಳ್ಳುತ್ತದೆ, ಕತ್ತಿ ಈಚೆ ಬರುವುದಿಲ್ಲ."

ಯಾರು ಹೇಳಿದರು ನಿಮಗೆ? ಕಸಾಯಿ ಅಂಗಡಿಯ ಚೂರಿಗೆ ತೋಡು ಇರುವುದಿಲ್ಲ, ಅದು ಸರಾಗವಾಗಿ ಈಚೆ ಬರುತ್ತದೆ ಅಲ್ವಾ? ಅದೂ ಬೇಡ, ನಿಮ್ಮ ಲೇಖನವನ್ನೇ ನೋಡಿ. 12ನೇ ಶತಮಾನದ ಹೊತ್ತಿಗೆ ಯುರೋಪಿನ ಎಷ್ಟೋ ಕತ್ತಿಗಳಲ್ಲಿ ತೋಡು ಅಲಗಿನ ಮೊನೆಯವರೆಗೂ ಹೋಗದೆ ನಿಲ್ಲುತ್ತದೆ ಅಂತ ನೀವೇ ನಾಲ್ಕನೇ ಪ್ಯಾರಾದಲ್ಲಿ ಬರೆದಿದ್ದೀರಿ. ಸರಿಯಾಗಿಯೇ ಬರೆದಿದ್ದೀರಿ. ಹಾಗಾದರೆ ಮೈಯೊಳಗೆ ಮೊದಲು ಹೋಗುವ ಮೊನೆಯ ಕಡೆ ತೋಡೇ ಇಲ್ಲ. ರಕ್ತ ಎಲ್ಲಿಂದ ಹರಿಯಬೇಕು? ಇನ್ನೊಂದು ವಿಷಯ. 14, 15ನೇ ಶತಮಾನದಲ್ಲಿ ಉಕ್ಕಿನ ತಗಡಿನ ಕವಚ ಬಂದ ಮೇಲೆ, ಕವಚದ ಸಂದಿಗೆ ಚುಚ್ಚಲೆಂದೇ ಚೂಪು ಮೊನೆಯ ಕತ್ತಿಗಳು ಬಂದವು. ಕತ್ತಿಗಳನ್ನು ವಿಂಗಡಿಸಿದ ಇಂಗ್ಲೆಂಡಿನ ಇವಾರ್ಟ್ ಓಕ್‌ಶಾಟ್ ಇವನ್ನು 15ನೇ ಬಗೆಯಲ್ಲಿ ಇಟ್ಟರು. ಇವುಗಳ ಅಲಗನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಸಾಮಾನ್ಯವಾಗಿ ವಜ್ರಾಕಾರ. ನಡುವೆ ಉಬ್ಬಿದ ಏಣು ಇರುತ್ತದೆ, ತೋಡಲ್ಲ. ಅಗಲವಾದ ತೋಡು ಇದ್ದದ್ದು ಬೀಸಿ ಕಡಿಯುವ ವೈಕಿಂಗ್ ಕಾಲದ (ಸುಮಾರು 8ರಿಂದ 11ನೇ ಶತಮಾನ) ಕತ್ತಿಗಳಿಗೆ. ನಿಮ್ಮ ಮಾತು ನಿಜವಾಗಿದ್ದರೆ ಇದು ಪೂರಾ ತಿರುವುಮುರುವಾಗಿರಬೇಕಿತ್ತು.

ಎರಡನೇ ಸಾಲು: "ತೋಡು ಕೊರೆದ ಕೂಡಲೇ ಕತ್ತಿ ಇನ್ನಷ್ಟು ಗಟ್ಟಿಯಾಗುತ್ತದೆ."

ಕಬ್ಬಿಣ ತೆಗೆದರೆ ಗಟ್ಟಿ ಹೇಗಾದೀತು? ಇಲ್ಲಿ ಲೆಕ್ಕ ಇರುವುದು ತೂಕದಲ್ಲಿ. ಆ ವೈಕಿಂಗ್ ಕಾಲದ ಕತ್ತಿಯ ಅಲಗು ಸುಮಾರು 5 ಸೆಂ.ಮೀ. ಅಗಲ, 75 ಸೆಂ.ಮೀ. ಉದ್ದ. ಆದರೂ ಕತ್ತಿಯ ಒಟ್ಟು ತೂಕ 1 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ತೋಡಿಲ್ಲದೆ ಇಷ್ಟು ಹಗುರ ಮಾಡಬೇಕಾದರೆ ಇಡೀ ಅಲಗನ್ನೇ ತೆಳ್ಳಗೆ ಮಾಡಬೇಕು. ಆಗ ಅದು ಬಳುಕುತ್ತದೆ. ನಡುವೆ ತೋಡು ಇಟ್ಟರೆ ಅದರ ಎರಡೂ ಬದಿ ದಪ್ಪವಾಗಿಯೇ ಉಳಿಯುತ್ತದೆ. ಅಷ್ಟೇ ತೂಕಕ್ಕೆ ಬಿಗಿ ಜಾಸ್ತಿ. ಬೀಸಿದ ಕತ್ತಿಯನ್ನು ಅರ್ಧಕ್ಕೆ ತಡೆದು ಇನ್ನೊಂದು ಕಡೆ ತಿರುಗಿಸುವವನಿಗೆ ಇದು ಪ್ರಾಣದ ಪ್ರಶ್ನೆ. ಇದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ಎಲ್ಲಾ ಕಡೆ "ಕೊರೆದರು" ಅಂತಲೂ ಬರೆದಿದ್ದೀರಿ. ಜಪಾನಿನಲ್ಲಿ ಸರಿ, ಅಲ್ಲಿ ಅಲಗಿಗೆ ರೂಪ ಕೊಟ್ಟಾದ ಮೇಲೆ ‘ಹಿ’ ಎನ್ನುವ ತೋಡನ್ನು ಹೆರೆದು ತೆಗೆಯುತ್ತಾರೆ. ಕಾದ ಅಲಗಿನ ಮೇಲೆ ಮೊಂಡು ಮೂತಿಯ ಉಳಿ ಇಟ್ಟು ಸುತ್ತಿಗೆಯಿಂದ ಬಡಿದು ತೋಡು ಮಾಡುವ ಕ್ರಮ ಬೇರೆ. ಅದರಲ್ಲಿ ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ, ಬದಿಗೆ ಸರಿದು ಅಲಗು ಅಗಲವಾಗುತ್ತದೆ. ಕಬ್ಬಿಣ ದುಬಾರಿಯಾಗಿದ್ದ ಕಾಲದಲ್ಲಿ ಕಮ್ಮಾರನಿಗೆ ಇದು ಎಂಥ ಲಾಭ, ಯೋಚನೆ ಮಾಡಿ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರ ಕೈಕೆಳಗೆ ಕೆಲಸ ಕಲಿತೆ. ಬರೆದ ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಕಂಡದ್ದು, ಓದಿದ್ದು, ಕೇಳಿದ್ದು ಅಂತ ಗುರುತು ಹಾಕಿಸುತ್ತಿದ್ದರು. ಬರೀ ಕೇಳಿದ್ದನ್ನು ಅಚ್ಚಿಗೆ ಬಿಡುತ್ತಿರಲಿಲ್ಲ. ಎತ್ತಿನ ಗಾಡಿಯ ಚಕ್ರದ ಬಗ್ಗೆ ಬರೆಯಲು ಹೊರಟಾಗ, ಮೊದಲು ಕುಲುಮೆಗೆ ಹೋಗಿ ಬಾ ಅಂದರು. ಕೆಂಪಗೆ ಕಾದ ಪಟ್ಟಿಯನ್ನು ಮರದ ಚಕ್ರಕ್ಕೆ ಕೂರಿಸಿ, ಮರ ಹೊತ್ತಿಕೊಳ್ಳುವ ಮುಂಚೆ ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿದಂತೆ ಚಕ್ರದ ಕೀಲುಗಳು ಚಟಚಟ ಅಂತ ಬಿಗಿಯಾಗುತ್ತವೆ. ಆ ಸದ್ದು ಕೇಳಿದ ಮೇಲೆ ನನ್ನ ಲೇಖನದ ಮೊದಲ ಪುಟ ತಾನಾಗಿಯೇ ಬಂತು.

ನಿಮ್ಮ ಕರಡಿಗೂ ಹೀಗೇ ಗುರುತು ಹಾಕಿ ನೋಡಿ. ಎರಡನೇ ಪ್ಯಾರಾ ಪೂರ್ತಿ ತೆಗೆದುಹಾಕಿ, ಆ ಜಾಗದಲ್ಲಿ ಕುಲುಮೆಯ ಕೆಲಸ ಬರೆಯಿರಿ. ಹತ್ತಿರದಲ್ಲಿ ಕಮ್ಮಾರರಿದ್ದರೆ ಒಂದು ದಿನ ಸುಮ್ನೆ ಹೋಗಿ ಕೂತು ಬನ್ನಿ, ಕಾದ ಕಬ್ಬಿಣ ಏಟಿಗೆ ಹೇಗೆ ಸರಿಯುತ್ತದೆ ಅಂತ ಕಣ್ಣಾರೆ ನೋಡಿ. ಚಿತ್ರವನ್ನೂ ಬದಲಿಸಿ. ನೀವು ಕಳಿಸಿದ್ದರಲ್ಲಿ ಹಿಡಿ ಮಾತ್ರ ಚೆನ್ನಾಗಿ ಬಂದಿದೆ, ತೋಡು ಎಲ್ಲಿ ನಿಲ್ಲುತ್ತದೆ ಅನ್ನುವುದೇ ಕಾಣುತ್ತಿಲ್ಲ. ಮೊನೆಯವರೆಗೂ ಪೂರ್ತಿ ಕಾಣುವ ಚಿತ್ರ ಕಳಿಸಿ.