ಅಪ್ಪನಿಗೆ ಸೊಂಟದ ಕೀಲು ಎರಡನೇ ಸಲ ಬದಲಿಸಬೇಕಂತೆ, ಮಾಡಿಸಬಹುದಾ?

ನಿಮ್ಮ ತಂದೆಗೆ 68 ವರ್ಷ, ಹಿಪ್ ಬದಲಿಸಿ 12 ವರ್ಷ, ಈಗ ಮತ್ತೆ ಆಪರೇಷನ್ ಅಂದಿದ್ದಾರೆ, ಭಯ ಆಗ್ತಿದೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಗಂಗಾವತಿಯವನು. ನಮ್ಮ ಅವ್ವನಿಗೂ ಹನ್ನೊಂದನೇ ವರ್ಷಕ್ಕೆ ಇದೇ ಆಯ್ತು.

ಕೂತಾಗ ಅವ್ವನಿಗೆ ನೋವೇ ಇರಲಿಲ್ಲ. ಕಟ್ಟೆಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಮಾತ್ರ ತೊಡೆಯಲ್ಲಿ ಛಳಕ್ ಅನ್ನೋದು, ಆಮೇಲೆ ಸರಿ. ವಯಸ್ಸಾಯ್ತಲ್ಲ ಅಂತ ಒಂದು ವರ್ಷ ಕಳೆದೆವು. ಅದೇ ನಮ್ಮ ತಪ್ಪು. ಹಾಕಿದ್ದ ಕೀಲಿನ, ತೊಡೆಮೂಳೆಯೊಳಗೆ ಕೂರಿಸಿದ ಕಂಬಿ ಸಡಿಲಾಗಿತ್ತು. ಅದು ಅಲ್ಲಾಡುತ್ತಾ ಸುತ್ತಲಿನ ಮೂಳೆ ಸವೆಯುತ್ತೆ. ತಡವಾದಷ್ಟೂ ಹೊಸ ಕಂಬಿಗೆ ಹಿಡಿತ ಕಡಿಮೆ.

ಮಾಡಿಸಲಾ ಬೇಡವಾ ಅನ್ನೋಕೆ ಮುಂಚೆ, ಯಾಕೆ ಕೆಟ್ಟಿತು ಅಂತ ಕೇಳಿ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ಬದಲಿಸಿದ ಸೊಂಟದ ಕೀಲುಗಳಲ್ಲಿ 100ಕ್ಕೆ ಸುಮಾರು 58 25 ವರ್ಷ ಬಾಳುತ್ತವೆ. 12 ವರ್ಷ ಅಂದರೆ ಸ್ವಲ್ಪ ಬೇಗವೇ. ಸವೆದು ಸಡಿಲಾಗಿದ್ದರೆ ಸಾಮಾನ್ಯವಾಗಿ ಒಂದೇ ಆಪರೇಷನ್. ಸೋಂಕು ಆಗಿದ್ದರೆ ಬಹಳ ಸಲ ಎರಡು: ಹಳೆಯದನ್ನು ತೆಗೆದು, ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ವಾರಗಟ್ಟಲೆ ಔಷಧ ಕೊಟ್ಟು, ಆಮೇಲೆ ಹೊಸದು. ಸೋಂಕಿನ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಅನುಮಾನ ಬಂದರೆ ಕೀಲಿನ ನೀರು ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತಾ ಅಂತ ನೋಡೋ ಪರೀಕ್ಷೆಗೆ, ಕಳಿಸುತ್ತಾರೆ. ಅದಕ್ಕೆ ಮುಂಚೆ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿಸಬೇಡಿ, ಸೋಂಕಿದ್ದರೂ ಕಾಣದೆ ಹೋಗಬಹುದು.

ಎರಡನೇ ಸಲ ರಕ್ತ ಜಾಸ್ತಿ ಹೋಗುತ್ತೆ, ಕಂಬಿ ಕೀಳುವಾಗ ಮೂಳೆ ಸೀಳಬಹುದು, ನರಕ್ಕೆ ಪೆಟ್ಟಾಗಿ ಪಾದ ಎತ್ತೋಕೆ ಆಗದೇ ಇರಬಹುದು. ಇವೆಲ್ಲ ನಮಗೆ ಮೊದಲೇ ಹೇಳಿದ್ದರು. ನಮ್ಮನ್ನು ಕಾಡಿದ್ದು ಕೀಲು ಜಾರಿದ್ದು. ಎರಡನೇ ಸಲಕ್ಕೆ ಅದರ ಅಪಾಯವೂ ಜಾಸ್ತಿ. ಐದನೇ ವಾರ ಅವ್ವ ಗಿಡ್ಡ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೆಳಗೆ ಬಿದ್ದ ಹಿಟ್ಟಿನ ಡಬ್ಬಿ ಮುಚ್ಚಳ ಎತ್ತೋಕೆ ಬಗ್ಗಿದಳು. ಟಕ್ ಅಂದ ಸದ್ದು ಪಕ್ಕದ ಕೋಣೆಗೆ ಕೇಳಿಸಿತು. ಕಾಲು ಗಿಡ್ಡಾಗಿ ಒಳಗೆ ತಿರುಗಿತ್ತು. ಮತ್ತೆ ಕೊಯ್ಯಲಿಲ್ಲ, ಅರಿವಳಿಕೆ ಕೊಟ್ಟು ಎಳೆದು ಕೂರಿಸಿದರು.

ಈಗ ಮೂರು ವರ್ಷ. ತೊಡೆ ನೋವು ಹೋಯ್ತು, ಕುಂಟು ಉಳಿಯಿತು. ಮೊದಲ ಆಪರೇಷನ್ ಆದಮೇಲೆ ಹುಲಿಗೆಮ್ಮನ ಜಾತ್ರೆಗೆ ಬರಿಗೈಲಿ ಹೋಗಿದ್ದಳು, ಈಗ ಕೋಲು ಬೇಕು. ರೊಟ್ಟಿ ಮಾತ್ರ ಎತ್ತರದ ಸ್ಟೂಲ್ ಮೇಲೆ ಕೂತು ತಾನೇ ಬಡಿಯುತ್ತಾಳೆ, ಸೊಸೆಯ ರೊಟ್ಟಿ ದಪ್ಪ ಅಂತ ದೂರು ಬೇರೆ.

ಕುರ್ಚಿ, ಕಮೋಡ್ ಎತ್ತರ ಮೊದಲೇ ಸರಿ ಮಾಡಿಟ್ಟುಕೊಳ್ಳಿ. ಅಂದಹಾಗೆ, ತಂದೆಗೆ ಶುಗರ್ ಇದೆಯಾ? ನೀವು ಬರೆದಿಲ್ಲ. ಇದ್ದರೆ ಅದು ಹತೋಟಿಗೆ ಬಂದ ಮೇಲೇ ತಾರೀಖು ತಗೊಳ್ಳಿ.